ಇನ್ನೂರ ಹನ್ನೆರಡನೆಯ ಪುಟ

ಐದು ಒಳ್ಳೆಯ ಪುಸ್ತಕ ಹೇಳಿ, ಅನ್ನುತ್ತೀರಿ,
ಐದು ಮೊಟ್ಟೆ ಕೊಡಿ ಅಂದಷ್ಟು ಸಲೀಸಾಗಿ.
ಕೂತುಕೊಳ್ಳಿ. ಆ ಪೆಟ್ಟಿಗೆಯ ಮೇಲಲ್ಲ,
ಅದರೊಳಗೆ ನಿಘಂಟುಗಳಿವೆ, ತಳ ಲಡ್ಡಾಗಿದೆ.
ಈ ಸ್ಟೂಲಿನ ಮೇಲೆ.
ಕುತೈಸಿಯ ಈ ಸೇತುವೆ ಬುಡದಲ್ಲಿ
ಹತ್ತೊಂಬತ್ತು ವರ್ಷದಿಂದ ಹಳೇ ಪುಸ್ತಕ ಮಾರುತ್ತೇನೆ,
ಹೆಸರು ಎತೆರಿ.
ಕೆಳಗೆ ರಿಯೋನಿ ಹೊಳೆ, ತನ್ನ ಬಿಳಿಗಲ್ಲುಗಳನ್ನು
ಒಂದೇ ಪಾಠದಂತೆ ದಿನಾ ಉರು ಹೊಡೆಯುತ್ತದೆ.

ಮೊದಲು ನನ್ನ ಪ್ರಶ್ನೆ.
ನಿಮಗೆ ನಿದ್ದೆ ಎಷ್ಟು ಹೊತ್ತಿಗೆ ಬರುತ್ತದೆ?
ವ್ಯಾನಿನಲ್ಲಿ ಸೀಟು ಸಿಗುತ್ತದೋ, ನೇತಾಡುತ್ತೀರೋ?
ಒಂದೇ ಕೈ ಬಿಡುವಿದ್ದವರಿಗೆ
ತೆಳ್ಳಗಿನದು ಕೊಡಬೇಕು, ಬೆನ್ನು ಮೆತ್ತಗಿನದು.
ಯಾರ ಮೇಲಾದರೂ ಸಿಟ್ಟಿದೆಯೇ?
ಇದ್ದರೆ ಒಳ್ಳೆಯದು, ಸಿಟ್ಟಿದ್ದವರು ಬೇಗ ಓದುತ್ತಾರೆ.

ರೊಟ್ಟಿಯಂಗಡಿ ಪಿಕ್ರಿಯಾಗೆ ಕೊಟ್ಟದ್ದು
ದೀಪಸ್ತಂಭ ಕಾಯುವವನೊಬ್ಬ ತಂಗಿಗೆ ಬರೆದ ಕಾಗದಗಳು,
ಒಂದೊಂದೂ ಒಂದು ಒಬ್ಬೆ ರೊಟ್ಟಿ ಬೇಯುವಷ್ಟೇ ಉದ್ದ.
ತಿರುಗಿ ತಂದಾಗ ಅಂಚು ಸುಟ್ಟಿತ್ತು.
"ತಂಗಿ ಉತ್ತರ ಬರೆದ ದಿನ
ಇಡೀ ಒಬ್ಬೆ ಕರಿಕಾಯಿತು, ಎತೆರಿ" ಎಂದಳು.
ಆಮೇಲೆ, "ಇನ್ನೊಂದಿದೆಯಾ?"

ಲಾಶಾ ಎಂಬ ಹುಡುಗನ ವಿಷಯದಲ್ಲಿ ತಪ್ಪಿದೆ.
ಪರೀಕ್ಷೆಗೆ ಬೇಕಾದ್ದು ಕೇಳಿದ;
ನನಗೆ ಬೇಕಾದ್ದು ಕೊಟ್ಟೆ. ಫೇಲಾದ.
ಅವನಮ್ಮ ಈಗಲೂ ರಸ್ತೆಯ ಆ ಬದಿಯಲ್ಲೇ ನಡೆಯುತ್ತಾಳೆ.
ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಅನ್ನಬೇಡಿ.

ನಿಜಕ್ಕೂ ನನ್ನ ಮೆಚ್ಚಿನದು ಅಂದರೆ
ಅಲ್ಲಿ, ದೀಪದ ಪಕ್ಕ, ಆ ದಪ್ಪ ಹಸಿರು ರಟ್ಟಿನದು.
ಎಂಟುನೂರ ನಲವತ್ತು ಪುಟ.
ಒಂದು ಮನೆತನ, ಮೂರು ಯುದ್ಧ, ಒಂದು ಕುಂಟು ಕುದುರೆ.
ಎಷ್ಟು ಜನರ ಮುಂದೆ ಹೊಗಳಿದ್ದೇನೋ!
ಓದು ಹೆಚ್ಚಬೇಕೆಂದು ಬಂದವರಿಗೆಲ್ಲ ಅದೇ ಮದ್ದು:
ಊಟಕ್ಕೆ ಮುಂಚೆ ಇಪ್ಪತ್ತು ಪುಟ, ಮಲಗುವಾಗ ಇಪ್ಪತ್ತು.

ಜುಂಬೆರಿ ಒಯ್ದ. ವೆಲ್ಡಿಂಗಿನವನು,
ಕಪ್ಪುಸಮುದ್ರದ ಹಡಗುಕಟ್ಟೆಗಳಲ್ಲೆಲ್ಲ ದುಡಿದವನು.
ದೇಶ ಸುತ್ತಿ ಮುಗಿಯಿತು, ಇನ್ನು ಕೋಶ ಓದುತ್ತೇನೆ ಎಂದ.
ಮೂರು ಚಳಿಗಾಲ ಪತ್ತೆಯಿಲ್ಲ.
ನಾಲ್ಕನೆಯದರಲ್ಲಿ ಬಂದು, ಟೋಪಿ ತೆಗೆದು, ಕೇಳಿದ:
"ಕೊನೆಗೆ ಅವಳು ಕುದುರೆಯನ್ನು ಯಾಕೆ ಬಿಟ್ಟು ಹೋದಳು?"

ನಾನು ದೂಳು ಕೊಡವಿದೆ.
ಆಮೇಲೆ ಚಿಲ್ಲರೆ ಎಣಿಸಿದೆ.
"ಅದು ಅವರವರೇ ಯೋಚಿಸಬೇಕಾದ್ದು" ಎಂದೆ.
ಅವನು ನನ್ನ ಮುಖ ನೋಡಿದ,
ಬೆಸುಗೆಯ ಗೆರೆ ನೋಡುವ ಹಾಗೆ,
ಬಿರುಕು ಎಲ್ಲಿಂದ ಶುರು ಎಂದು.
"ಎಲ್ಲಿಯವರೆಗೆ ಓದಿದ್ದೀರಿ?"

ಇನ್ನೂರ ಹನ್ನೆರಡು.
ಯಾರಿಗೂ ಹೇಳಿರಲಿಲ್ಲ.
ಮದುವೆಯ ಊಟ ಬಡಿಸುತ್ತಿದ್ದರು,
ನಮ್ಮ ಮನೆಯಲ್ಲಿ ಕರೆಂಟು ಹೋಯಿತು.
ಕರೆಂಟು ಹೋಗುತ್ತಲೇ ಇದ್ದ ಕಾಲ ಅದು.
ಇದ್ದದ್ದು ಒಂದು ಮೇಣದಬತ್ತಿ,
ಅಮ್ಮನ ಹಾಸಿಗೆಯ ಪಕ್ಕ ಇಟ್ಟೆ.
ಆ ಮದುವೆಯ ಮಂದಿ ಇನ್ನೂ ಕೂತೇ ಇದ್ದಾರೆ,
ತಟ್ಟೆ ಮುಂದಿಟ್ಟುಕೊಂಡು.

ಬಯ್ಯಲಿಲ್ಲ ಅವನು. ಇದೇ ಸ್ಟೂಲಿನ ಮೇಲೆ ಕೂತು,
ನನ್ನ ಅಂಗಡಿಯಲ್ಲೇ, ನನ್ನ ಪುಸ್ತಕವನ್ನೇ
ನನಗೆ ಶಿಫಾರಸು ಮಾಡಿದ.
"ಮದುವೆ ಬೇಜಾರೇ. ಆದರೂ ಹಾರಿಸಬೇಡಿ.
ಸೋದರಮಾವನ ಮಾತು ನೆನಪಿಡಿ,
ಆರುನೂರರ ಹತ್ತಿರ ಬೇಕಾಗುತ್ತದೆ.
ಹಿಮ ಬೀಳುವಲ್ಲಿ ನಿಲ್ಲಿಸಿ, ಚಹಾ ಕುಡಿದು ಮುಂದೆ ಹೋಗಿ.
ಕುದುರೆ ವಿಷಯ ನಾನೇನೂ ಹೇಳುವುದಿಲ್ಲ."
ದುಡ್ಡು ವಾಪಸು ಕೇಳಲಿಲ್ಲ. ಪುಸ್ತಕ ಬಿಟ್ಟು ಹೋದ.

ಹಾಗಾಗಿ, ಅದನ್ನು ಮುಟ್ಟಬೇಡಿ.
ನಿಮಗೆ ಈ ಸಣ್ಣದು, ಕಪ್ಪೆಗಳ ಬಗ್ಗೆ.
ಬರೆದವನ ಹೆಸರಿನ ಪುಟ ಹರಿದುಹೋಗಿದೆ,
ಕಪ್ಪೆಗಳು ಪೂರ್ತಿ ಇವೆ.
ಐದಲ್ಲ, ಒಂದು. ಓದಿದರೆ ಬನ್ನಿ,
ಓದದಿದ್ದರೂ ಬನ್ನಿ,
ಎಷ್ಟನೆಯ ಪುಟದಲ್ಲಿ ನಿಂತಿರೆಂದಾದರೂ ಹೇಳಿ.
ಈಗ ಸ್ವಲ್ಪ ಸರಿದು ಕೂರಿ, ಬೆಳಕು ಹೋಗುತ್ತಿದೆ,
ಸೋದರಮಾವ ಲೋಟ ಎತ್ತಿಕೊಂಡು
ಎದ್ದು ನಿಂತಿದ್ದಾನೆ.